ಶಿವನೆ ಮರದ ಅಕ್ಷರ

"ಇದೇನಾ?" ಎಂದು ಶೇಷಪ್ಪ ಕೈ ಮುಂದೆ ಚಾಚಿದ. ಮೊದಲು ಸಿಕ್ಕಿದ್ದು ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಬೆರಳು ಹುದುಗುವಷ್ಟು ಧೂಳು. ಮಗಳು ವನಮಾಲಾ ಹೊದಿಕೆಯನ್ನು ಮೇಲೆತ್ತಿ ಅಪ್ಪನ ಕೈಯನ್ನು ಗಾಜಿನ ಮೇಲಿಟ್ಟಳು.

"ತಣ್ಣಗಿದೆಯಲ್ಲೇ."

"ನಾಲ್ಕು ತಿಂಗಳಾಯ್ತು ಯಜಮಾನ್ರೇ, ಸ್ವಿಚ್ ಹಾಕದೆ," ಅಂದ ಸುಬ್ಬಕೃಷ್ಣ. ಅವನು ತೀರ್ಥಹಳ್ಳಿಯ ಆ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಪ್ರಯೋಗಾಲಯದ ಮೂಲೆಯಲ್ಲಿ ಕೂತ ಈ ಕಂಪ್ಯೂಟರಿನ ಉಸ್ತುವಾರಿ ಅವನ ತಲೆಗೆ ಬಿದ್ದದ್ದು, ಬೇರೆ ಎಲ್ಲರೂ ಬೇಡವೆಂದದ್ದರಿಂದ. ಬೆಳಿಗ್ಗೆ ಸಾಗರದಿಂದ ಹೊಸನಗರದ ಮೇಲೆ ಬಸ್ಸು ಹಿಡಿದು ಬಂದ ಈ ಇಬ್ಬರಿಗೆ ಏನು ಹೇಳಿ ಕಳಿಸುವುದೆಂದು ಅವನಿಗೆ ತೋಚುತ್ತಿರಲಿಲ್ಲ.

ಅದು ಸಾಮಾನ್ಯ ಕಂಪ್ಯೂಟರ್ ಅಲ್ಲ, ವರ್ಕ್‌ಸ್ಟೇಷನ್. ಐದು ವರ್ಷದ ಹಿಂದೆ, ಎಂಬತ್ತರ ದಶಕದ ಆರಂಭದಲ್ಲಿ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಹೊರದೇಶದಿಂದ ತರಿಸಿದ್ದು. ಮೇಜಿನ ಕೆಳಗೆ ಅಕ್ಕಿ ಮೂಟೆಯಷ್ಟು ದೊಡ್ಡ ಪೆಟ್ಟಿಗೆ, ಮೇಲೆ ಕಾಗದದ ಹಾಳೆಯಂತೆ ಉದ್ದಕ್ಕೆ ನಿಂತ ಬಿಳಿ ಪರದೆ. ಆ ಕಾಲಕ್ಕೆ ದೇಶದಲ್ಲಿ ಅಂಥವು ಬೆರಳೆಣಿಕೆಯಷ್ಟು. ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಏನು ಬೇಕಾದರೂ ಬಿಡಿಸಬಹುದಿತ್ತು, ಕನ್ನಡ ಅಕ್ಷರವನ್ನೂ. ಆ ಕೆಲಸಕ್ಕೆ ಮಾದರಿ ಹುಡುಕುತ್ತ ಸಂಸ್ಥೆಯ ಇಂಜಿನಿಯರ್ ನಾರಾಯಣಮೂರ್ತಿ ಸಾಗರಕ್ಕೆ ಬಂದಿದ್ದ.

ಬಂದವನು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ನಾಟಕದ ಪೋಸ್ಟರ್ ನೋಡಿ ಅಲ್ಲೇ ನಿಂತುಬಿಟ್ಟನಂತೆ. ಅದರ ಅಕ್ಷರ ಯಾರದ್ದೆಂದು ಕೇಳುತ್ತ ಗುಡಿಗಾರರ ಕೇರಿಗೆ ಬಂದ. ಗಂಧದ ಪೆಟ್ಟಿಗೆ, ಗಣಪತಿ ಕೆತ್ತುವವರ ನಡುವೆ ಶೇಷಪ್ಪ ಒಬ್ಬನೇ ಅಕ್ಷರ ಕೆತ್ತುವವನು. ಮಂಜುನಾಥಪ್ಪನ ಪ್ರೆಸ್ಸಿಗೆ ಮೂವತ್ತು ವರ್ಷದಿಂದ ಶಿವನೆ ಮರದಲ್ಲಿ ಪೋಸ್ಟರಿನ ಅಚ್ಚುಮೊಳೆ ಮಾಡಿ ಕೊಡುತ್ತಿದ್ದ. ನಾರಾಯಣಮೂರ್ತಿ ಅವನ ಕೈಗೆ ಗ್ರಾಫ್ ಹಾಳೆಗಳ ಕಟ್ಟು ಕೊಟ್ಟು, ಒಂದು ಹಾಳೆಗೆ ಒಂದು ಅಕ್ಷರ, ಅಕ್ಷರ ಬಿದ್ದ ಚೌಕಕ್ಕೆಲ್ಲ ಕಪ್ಪು ಮಸಿ ತುಂಬಿ ಎಂದು ಹೇಳಿಹೋದ.

ಶೇಷಪ್ಪ ಅಂಚು ಬರೆದ, ವನಮಾಲಾ ಚೌಕ ತುಂಬಿದಳು. ಗುಣಿತ, ಒತ್ತಕ್ಷರ ಸೇರಿ ನಾನೂರ ಹನ್ನೊಂದು ಹಾಳೆ, ಒಂಬತ್ತು ತಿಂಗಳು. ಇಂಜಿನಿಯರು ಬಂದು ಜಗಲಿಯ ಮೇಲೆ ಕಟ್ಟು ಬಿಚ್ಚಿದಾಗ ಅವನ ಮುಖ ಬಿಳುಚಿತು. ಎಲ್ಲ ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು! ಅಚ್ಚಿನ ಮೊಳೆಯನ್ನು ತಿರುವಿ ಕೆತ್ತಬೇಕು, ಆಗಲೇ ಕಾಗದದ ಮೇಲೆ ಸರಿಯಾಗಿ ಮೂಡುವುದು. ಶೇಷಪ್ಪನ ಕೈಗೆ ಬೇರೆ ಅಭ್ಯಾಸವೇ ಇರಲಿಲ್ಲ. ಆ ಮನೆಯಲ್ಲಿ ಹುಟ್ಟಿ ಬೆಳೆದ ವನಮಾಲಾಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಆದರೆ ಇಂಜಿನಿಯರು ಒಯ್ದ ಹಾಳೆಗಳನ್ನು ವಾಪಸು ಕಳಿಸಲಿಲ್ಲ. ತಿಂಗಳು ಬಿಟ್ಟು ತಾನೇ ಬಂದು, ಯಂತ್ರದಿಂದ ತೆಗೆದ ಒಂದು ಹಾಳೆ ತೋರಿಸಿದ. ಎಲ್ಲವೂ ನೆಟ್ಟಗೆ ಕೂತಿದ್ದವು. "ಒಂದೇ ಒಂದು ಆಜ್ಞೆ ಕೊಟ್ಟೆ, ನಾನೂರೂ ತಿರುಗಿಬಿಟ್ವು," ಅಂದ. ಶೇಷಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಒಂಬತ್ತು ತಿಂಗಳ ತಪ್ಪನ್ನು ಎವೆ ಮುಚ್ಚಿ ತೆರೆಯುವಷ್ಟರಲ್ಲಿ ತಿದ್ದುವ ಯಂತ್ರ! ಅದನ್ನು ನಂಬದೆ ಇನ್ನು ಯಾರನ್ನು ನಂಬುವುದು? ತೋರಿಸಿದ ಹಾಳೆಯನ್ನು ಇಂಜಿನಿಯರು ಮಡಿಚಿ ತನ್ನ ಚೀಲಕ್ಕೇ ಹಾಕಿಕೊಂಡ. ಕೇಳಿ ಇಟ್ಟುಕೊಳ್ಳಬೇಕೆಂದು ಅಪ್ಪನಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ.

ಎರಡು ವರ್ಷಕ್ಕೆ ಮಂಜುನಾಥಪ್ಪ ಪ್ರೆಸ್ಸು ಮುಚ್ಚಿದ. "ನಿನ್ನ ಮೊಳೆ ಎರಡು ಚೀಲ ಐತಿ, ತಗಂಡು ಹೋಗು ಮಾರಾಯ," ಎಂದು ಹೇಳಿ ಕಳಿಸಿದ. ಶೇಷಪ್ಪನಿಗೆ ಆ ಹೊತ್ತಿಗೆ ಎಲ್ಲಿಲ್ಲದ ಠೀವಿ. "ಬಚ್ಚಲೊಲೆಗೆ ಹಾಕ್ಕೊಳಕ್ಕೆ ಹೇಳು. ನಮ್ಮ ಅಕ್ಷರ ಕಂಪ್ಯೂಟರಲ್ಲಿದೆ," ಅಂದ. ಮೊಂಡ ಮನುಷ್ಯ. ಮಂಜುನಾಥಪ್ಪನ ಮನೆಯವರು ಒಂದು ಮಳೆಗಾಲ ಪೂರ್ತಿ ಅದರಲ್ಲಿ ಸ್ನಾನದ ನೀರು ಕಾಯಿಸಿಕೊಂಡರು. ಅಚ್ಚಾದ ಪೋಸ್ಟರುಗಳು ಗೋಡೆಯ ಮೇಲೇ ಮಳೆಗೆ ಕರಗಿಹೋಗಿದ್ದವು.

ಆಮೇಲೆ ಶೇಷಪ್ಪನ ಕಣ್ಣು ಹೋಯಿತು. ನರ ಒಣಗಿದೆ, ಇನ್ನು ಏನೂ ಮಾಡಲಾಗದು ಎಂದರು ಡಾಕ್ಟರು. ಈಗ ಅವನಿಗೆ ಕಾಣುವುದು ಬೆಳಕು, ಕತ್ತಲೆ, ಅಷ್ಟೇ. ಕಣ್ಣು ಹೋದದ್ದಕ್ಕೆ ಅವನು ಅಳಲಿಲ್ಲ. ಮಗಳ ಕೈಯಲ್ಲಿ ಉಳಿ ಹಿಡಿಯುವ ಬಲವಿತ್ತು. ಅಕ್ಷರಗಳನ್ನು ಯಂತ್ರದಿಂದ ಕಾಗದಕ್ಕೆ ಇಳಿಸಿಕೊಂಡರೆ ಅವಳು ಮತ್ತೆ ಶಿವನೆ ಮರದಲ್ಲಿ ಕೆತ್ತುತ್ತಾಳೆ, ತಾನು ಸತ್ತ ಮೇಲೂ ಅವು ಇರುತ್ತವೆ ಎಂದು ಧೈರ್ಯವಾಗಿದ್ದ. ಹೋದ ವಾರ ನಾರಾಯಣಮೂರ್ತಿಯ ಕಾರ್ಡು ಬಂದಿತ್ತು. ಗುಜರಿಗೆ ಹೊರಟಿದ್ದ ಯಂತ್ರವನ್ನು ನಾನು ಓದಿದ ತೀರ್ಥಹಳ್ಳಿಯ ಕಾಲೇಜಿಗೆ ಕೊಡಿಸಿದ್ದೇನೆ, ನಿಮ್ಮ ಅಕ್ಷರಗಳು ಈಗ ನಿಮ್ಮ ಸೀಮೆಗೇ ಬಂದಂತಾಯಿತು ಎಂದು ಪ್ರೀತಿಯಿಂದ ಬರೆದಿದ್ದ. ಪ್ರೀತಿಯಿಂದ ಬರೆದ ಆ ಒಂದು ಸಾಲನ್ನು ನೆಚ್ಚಿ ಇಬ್ಬರೂ ಬಸ್ಸು ಹತ್ತಿದ್ದರು.

"ಕಂಪನಿ ಮುಚ್ಚಿಹೋಗಿದೆ ಯಜಮಾನ್ರೇ," ಸುಬ್ಬಕೃಷ್ಣ ಹೇಳತೊಡಗಿದ. "ಬಿಡಿಭಾಗ ಸಿಗಲ್ಲ. ಒಳಗೆ ಅಕ್ಷರ ಇರೋ ಡಿಸ್ಕು ಇಲ್ಲಿಗೆ ಬಂದ ಮೇಲೆ ಕೆಟ್ಟಿದೆ, ಸರಿಯಾಗಿ ತಿರುಗ್ತಾನೇ ಇಲ್ಲ."

"ಬೇರೆ ಕಂಪ್ಯೂಟರಿಗೆ ಹಾಕಿ ತೆಗೆಯಕ್ಕೆ ಆಗಲ್ವಾ ಸಾರ್?" ವನಮಾಲಾ ಕೇಳಿದಳು.

"ಅದೇ ಬೇಜಾರು ನೋಡಿ. ಈಗ ಬರ್ತಿರೋ ಮಷೀನೆಲ್ಲ ಇಂಥದ್ದನ್ನೇ ನೋಡಿ ಕಲಿತದ್ದು. ಇದೇ ಥರ ಪರದೆ, ಇದೇ ಥರ ಚಿತ್ರ. ಆದ್ರೆ ಇದರ ಡಿಸ್ಕನ್ನ ಓದಕ್ಕೆ ಒಂದಕ್ಕೂ ಬರಲ್ಲ."

"ನಾವು ಬರೆದ ಹಾಳೆ?"

"ಇದನ್ನ ಕೊಡಿಸಿದಾಗ್ಲೇ ನಾರಾಯಣಮೂರ್ತಿನ ಕೇಳಿದ್ದೆ. ರೂಮು ಖಾಲಿ ಮಾಡುವಾಗ ರದ್ದಿಗೆ ಹೋಯ್ತಂತೆ."

ಶೇಷಪ್ಪ ಈ ಮಾತನ್ನೆಲ್ಲ ಕೇಳಿಸಿಕೊಂಡನೋ ಇಲ್ಲವೋ. "ಒಂದ್ಸಲ ಹಚ್ಚಿ ಮೇಷ್ಟ್ರೇ," ಅಂದ. "ಅಷ್ಟು ದೂರದಿಂದ ಬಂದಿದೀವಿ."

ಸುಬ್ಬಕೃಷ್ಣ ಸ್ವಿಚ್ ಒತ್ತಿದ. ಪೆಟ್ಟಿಗೆಯೊಳಗೆ ಫ್ಯಾನು ಗುಂಯ್‌ಗುಟ್ಟಿತು, ಏನೋ ಟಕಟಕ ಎಂದು ಹೊಡೆದುಕೊಂಡು ನಿಂತಿತು. ಪರದೆ ಮಾತ್ರ ನಿಧಾನವಾಗಿ ಬೆಳಗಿತು. ಮೇಲಿನಿಂದ ಕೆಳಗಿನ ತನಕ ಬರೀ ಬಿಳಿ. ಅದರ ಮೇಲೆ ಒಂದು ಚುಕ್ಕಿಯೂ ಇರಲಿಲ್ಲ.

"ಬಂತು!" ಶೇಷಪ್ಪನ ಮುಖ ಅರಳಿತು. "ಬೆಳಕು ಬಂತಲ್ಲೇ! ಬರ್ಕೋ, ಬೇಗ ಬರ್ಕೋ."

ವನಮಾಲಾ ಮೇಷ್ಟ್ರ ಮುಖ ನೋಡಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಪರದೆ ಖಾಲಿ ಇದೆ ಅಪ್ಪಯ್ಯ ಎಂದು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಚೀಲದಿಂದ ಹಾಳೆ ತೆಗೆದು, ಪೆನ್ಸಿಲ್ ಹಿಡಿದು, ನೆನಪಿನಿಂದಲೇ ಬರೆದರಾಯಿತೆಂದು ಮೇಜಿಗೆ ಬಾಗಿದಳು. ಒಂಬತ್ತು ತಿಂಗಳು ಅವಳು ತುಂಬಿದ್ದು ಬರೀ ಚೌಕಗಳನ್ನು. ಎಲ್ಲಿ ಬಳುಕು, ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತೀರ್ಮಾನಿಸುತ್ತಿದ್ದದ್ದು ಅಪ್ಪ. ಈಗ ಎಷ್ಟು ನೆನೆದರೂ ಒಂದೂ ಕಣ್ಣಿಗೆ ಕಟ್ಟುತ್ತಿಲ್ಲ. ಅಳು ಬಂತು. ಅಳುತ್ತಲೇ ಒಂದು 'ಅ' ಬರೆಯತೊಡಗಿದಳು.

ಶೇಷಪ್ಪ ತಡಕಾಡಿ ಅವಳ ಕೈ ಹುಡುಕಿದ. ಅದರ ಮೇಲೆ ತನ್ನ ಅಂಗೈ ಇಟ್ಟು, ಅವಳ ಕೈ ಹೋದಲ್ಲಿಗೆಲ್ಲ ತಾನೂ ಹೋದ. ಅರ್ಧಕ್ಕೆ ಅವಳ ಕೈಯನ್ನು ಹಿಡಿದು ನಿಲ್ಲಿಸಿದ.

"ಇದು ನಂದಲ್ಲ ಕಣೇ."

ವನಮಾಲಾ ಹಾಳೆಯಿಂದ ಪೆನ್ಸಿಲ್ ಎತ್ತಿದಳು.

"ಇದು ಶಾಲೆಯಲ್ಲಿ ಬರೆಸ್ತಾರಲ್ಲ, ಆ 'ಅ'. ಬೇರೆ ಯಾರದ್ದೋ ತೋರಿಸ್ತಾ ಇದೆ ಈ ಯಂತ್ರ," ಅಂದ ಶೇಷಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮೇಷ್ಟ್ರು ನಿಂತಿರಬಹುದಾದ ಕಡೆಗೆ ತಿರುಗಿ ಕೈ ಮುಗಿದ. "ನಮ್ಮದು ಒಳಗೆ ಎಲ್ಲೋ ಅಡಿಗೆ ಬಿದ್ದಿರ್ತದೆ ಮೇಷ್ಟ್ರೇ. ಒಂಚೂರು ಹುಡುಕಿ ಕೊಡಿ."

ಸುಬ್ಬಕೃಷ್ಣ ಕೀಲಿಮಣೆಯ ಮುಂದೆ ಕೂತ. ಒಂದು ಕೀಲಿ ಒತ್ತಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಒತ್ತಿದ.

"ಅವಸರ ಇಲ್ಲ," ಎಂದು ಶೇಷಪ್ಪ ಸ್ಟೂಲು ತಡಕಿ ಎಳೆದುಕೊಂಡು, ಬೆಳಕಿನ ಕಡೆಗೆ ಮುಖ ಮಾಡಿ ಕೂತುಕೊಂಡ. "ನಮ್ಮ ಬಸ್ಸು ಇರೋದು ನಾಲ್ಕೂವರೆಗೆ."