ಪಕ್ಕದ ಮನೆಗೂ ಊಟದ ಸರದಿ

ಸಭೆಯ ಬಾಗಿಲ ಬಳಿಯ ಕಪ್ಪು ಹಲಗೆಯ ಮೇಲೆ ಹೊಲಿಗೆಯಮ್ಮ ಬರೆದದ್ದನ್ನು ಯಾರೋ ಮೂರನೇ ಸಲ ಒರೆಸಿಹಾಕಿದ್ದರು.

ಆ ಕ್ರೈಸ್ತ ಸಭೆಯಲ್ಲಿ ಒಂದು ಒಳ್ಳೆಯ ರೂಢಿ ಇತ್ತು. ಯಾರೇ ಹಾಸಿಗೆ ಹಿಡಿದರೂ ಅವರ ಹೆಸರು ಹಲಗೆಗೆ ಏರುತ್ತಿತ್ತು. ಕೆಳಗೆ ಒಬ್ಬೊಬ್ಬರು ಒಂದೊಂದು ದಿನ ಬರೆದುಕೊಂಡು ಊಟ ತಲುಪಿಸುತ್ತಿದ್ದರು. ಹೊಲಿಗೆಯಮ್ಮ ಬರೆದದ್ದು ‘ತಗಡಿನಂಗಡಿಯವನು, ಅವನ ತಾಯಿ’ ಎಂದು. ಎಲ್ಲರ ಕಣ್ಣು ಕೆಂಪಾದದ್ದು ಅಲ್ಲೇ. ಅವನು ಸಭೆಯವನಲ್ಲ, ಗೋಡೆಯಾಚೆಯವನು. ಸಭೆಯ ಮಾಡಿನ ಮೇಲಿನ ಹಾರ್ನ್ ಸ್ಪೀಕರಿನ ಸದ್ದು ತಡೆಯಲಾಗುತ್ತಿಲ್ಲ ಎಂದು ಪೊಲೀಸರಿಗೆ ದೂರು ಕೊಟ್ಟವನು. ಪೊಲೀಸಿನವನು ಭಾನುವಾರದ ಆರಾಧನೆಯ ನಡುವೆಯೇ ಬಂದು ಎಚ್ಚರಿಸಿ ಹೋಗಿದ್ದ. ಒಂದು ವಾರ ಸದ್ದು ತಗ್ಗಿಸಿದರು, ಮರುವಾರ ಹಟಕ್ಕೆ ಮತ್ತೆ ಏರಿಸಿದರು. ಅಂದಿನಿಂದ ಬಕೆಟ್ಟಿನ ತಳ ಹಾಕಿಸಲೂ ಸಭೆಯವರು ಯಾರೂ ಅವನ ಅಂಗಡಿ ಮೆಟ್ಟಿಲು ಹತ್ತಲಿಲ್ಲ.

ಈಗ ಆತ ಏಣಿಯಿಂದ ಬಿದ್ದು ಎರಡೂ ಮುಂಗೈ ಮುರಿದುಕೊಂಡಿದ್ದ. ಒಳಗೆ ಪಾರ್ಶ್ವವಾಯು ಬಡಿದು ಮಲಗಿದ ತಾಯಿ. ಮನೆಯಲ್ಲಿ ಬೇರೆ ಯಾರೂ ಇಲ್ಲ.

ಅಂದು ಬಟ್ಟೆ ನೆನೆಸುವಾಗ ಹೊಲಿಗೆಯಮ್ಮ ಗಂಡನ ಶರಟಿನ ತೋಳು ಎತ್ತಿ ಹಿಡಿದಳು.

“ರೀ, ನಿಮ್ಮದು ಕರೆಂಟಿನ ಕೆಲಸ. ತೋಳಿಗೆ ಸೀಮೆಸುಣ್ಣ ಎಲ್ಲಿಂದ ಬಂತು?”

ಗಂಡ ಸಭೆಯ ಹಿರಿಯರಲ್ಲೊಬ್ಬ. ಆ ಹಾರ್ನ್ ಕೂರಿಸಿದವನೂ ಅವನೇ.

“ನಾನೇ ಒರೆಸಿದೆ, ಏನೀಗ? ನಮ್ಮ ಪ್ರಾರ್ಥನೆಗೆ ಪೊಲೀಸ್ ಕರೆಸಿದವನಿಗೆ ನಾವು ಊಟ ಹೊರಬೇಕಾ? ಮೊದಲು ಬಂದು ತಪ್ಪಾಯ್ತು ಅನ್ನಲಿ.”

“ಅಲ್ಲೀವರೆಗೆ ಆ ಮುದುಕಿ ಉಪವಾಸ ಇರಲಾ?”

“ನೀನು ಯಾರ ಕಡೆ?”

“ಊಟದ ಡಬ್ಬಿಗೆ ಎಂಥ ಕಡೆ ರೀ? ಶತ್ರುವನ್ನ ಪ್ರೀತಿಸಬೇಕು ಅಂತ ಹೋದ ತಿಂಗಳು ಮೈಕ್ ಹಿಡ್ಕೊಂಡು ಅರ್ಧ ಗಂಟೆ ಮಾತಾಡಿದ್ದು ನೀವೇ ತಾನೆ? ಶತ್ರು ದೂರದಲ್ಲಿದ್ರೆ ಮಾತ್ರ ಪ್ರೀತಿಸೋದಾ? ಗೋಡೆ ಪಕ್ಕದಲ್ಲಿದ್ರೆ ಬೇಡ್ವಾ?”

ಗಂಡ ಎದ್ದು ಹೊರಗೆ ಹೋದ. ಹೊಲಿಗೆಯಮ್ಮ ಮಷಿನ್ ಮುಂದೆ ಕೂತಳು.

ಭಾನುವಾರ ಹಲಗೆಯ ಮೇಲೆ ಒಂದು ಬಿಳಿ ಬಟ್ಟೆ. ನಾಲ್ಕು ಮೂಲೆಗೂ ಮೊಳೆ. ಅದೇ ಮಾತು, ಕೆಂಪು ದಾರದಲ್ಲಿ.

“ಇದೇನೇ ಹೊಸ ವರಸೆ?” ಎಂದರು ಮಹಿಳಾ ಸಂಘ ನಡೆಸುವ ಟೀಚರಮ್ಮ.

“ಸೀಮೆಸುಣ್ಣ ನಿಲ್ತಾ ಇಲ್ಲ ಟೀಚರಮ್ಮ. ಅದಕ್ಕೇ ಹೊಲಿದೆ. ಎರಡು ಸುತ್ತು ಹೊಲಿಗೆ. ಬಿಚ್ಚೋರಿಗೆ ಒಂದು ಗಂಟೆ ಬೇಕು.”

“ಹಿರಿಯರನ್ನ ಎದುರು ಹಾಕ್ಕೊಳ್ತೀಯಾ?”

“ಹಿರಿಯರ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದ್ದೀನಿ. ಅಭ್ಯಾಸ ಆಗಿದೆ.”

ಪಾಸ್ಟರು ಬಟ್ಟೆಯನ್ನು ಓದಿದರು. “ಸೋಮವಾರ ಯಾರು?”

“ನಾನು. ಯಾರೂ ಇಲ್ಲದಿದ್ರೆ ಇಡೀ ವಾರ ನಾನೇ. ಆದ್ರೆ ಅವನಿಗೆ ತಿನ್ನಿಸೋಕೆ, ಸ್ನಾನ ಮಾಡಿಸೋಕೆ ಗಂಡಸರು ಬೇಕು.”

“ಮಂಗಳವಾರ ನನ್ನ ಹೆಸರು ಬರಿಯಮ್ಮ” ಎಂದರು ಪಾಸ್ಟರು.

ಪಾಸ್ಟರೇ ಹೊರಟ ಮೇಲೆ ಹಿರಿಯ ಹಿಂದೆ ಬಿದ್ದರೆ ಮರ್ಯಾದೆ ಉಳಿಯುತ್ತದೆಯೇ? ಸೋಮವಾರ ಸಂಜೆ ಗಂಡ ಮುಖ ಊದಿಸಿಕೊಂಡು ಡಬ್ಬಿಯ ಹಿಂದೆ ನಡೆದ.

ತಗಡಿನಂಗಡಿಯವನು ಗೋಡೆಗೆ ಒರಗಿ ಕೂತಿದ್ದ. ಎರಡೂ ಕೈಗೆ ಪ್ಲಾಸ್ಟರ್. ಗಡ್ಡ ಬೆಳೆದಿತ್ತು. “ಯಾಕೆ ಬಂದ್ರಿ? ದೂರು ವಾಪಸ್ ತಗೋ ಅನ್ನೋಕಾ? ನಿಮ್ಮ ಸಭೆಗೆ ಸೇರು ಅನ್ನೋಕಾ?”

“ಎರಡೂ ಅಲ್ಲ. ಊಟ ಆರುತ್ತೆ, ಅದಕ್ಕೆ ಬಂದ್ವಿ” ಎಂದಳು ಹೊಲಿಗೆಯಮ್ಮ.

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಗಂಡ ಗಂಟಲು ಸರಿ ಮಾಡಿಕೊಂಡು, ಸಭೆಯವರಿಗೆ ಬಾಯಿಪಾಠವಾದ ಮಾತನ್ನು ಆಡಿಯೇಬಿಟ್ಟ. “ನೋಡಪ್ಪ, ನಾವು ನಿನ್ನನ್ನ ಕ್ಷಮಿಸಿದ್ದೀವಿ.”

“ಕ್ಷಮಿಸಿದ್ರಾ? ನಾನೇನು ಮಾಡಿದೆ ಸ್ವಾಮಿ? ಎತ್ಕೊಂಡು ಹೋಗಿ ನಿಮ್ಮ ಡಬ್ಬಿ.”

ಹೊಲಿಗೆಯಮ್ಮ ಗಂಡನ ಕಡೆ ತಿರುಗಿದಳು. “ಸುಮ್ನೆ ಕೂತ್ಕೊಳ್ಳಿ.” ಆಮೇಲೆ ಅವನ ಕಡೆ. “ತಪ್ಪಾಯ್ತು ತಮ್ಮ. ಏನು ತೊಂದರೆ ಆಗ್ತಿದೆ ಅಂತ ನಾವು ಒಂದು ದಿನವೂ ಕೇಳಲಿಲ್ಲ. ಈಗ ಹೇಳು.”

“ಹೇಳೋದೇನು? ಆರು ಗಂಟೆ ಆಯ್ತು. ಕೂತು ಕೇಳಿ.”

ಆರಕ್ಕೆ ಸರಿಯಾಗಿ ಹಾಡಿನ ಅಭ್ಯಾಸ ಶುರುವಾಯಿತು. ಹಾರ್ನಿನ ಬಾಯಿ ನೇರ ಈ ಕಿಟಕಿಗೇ ಇತ್ತು. ಮೇಲಿನ ತಗಡು ಗಡಗಡ ಅಂದಿತು. ಮಲಗಿದ್ದ ಮುದುಕಿ ಬೆಚ್ಚಿಬಿದ್ದು ನಡುಗಿದಳು. ಒಂದು ಕೈ ಕಿವಿಗೆ ಹೋಯಿತು. ಇನ್ನೊಂದು ಹಾಸಿಗೆ ಬಿಟ್ಟು ಏಳಲಿಲ್ಲ. ಮಗ ಮಂಡಿಯ ಮೇಲೆ ತೆವಳಿ ಬಂದು, ತಾಯಿಯ ಇನ್ನೊಂದು ಕಿವಿಗೆ ತನ್ನ ಪ್ಲಾಸ್ಟರಿನ ಕೈ ಅಡ್ಡ ಹಿಡಿದ. ಪ್ಲಾಸ್ಟರು ಕಿವಿಗೆ ಕೂರಲಿಲ್ಲ.

ಗಂಡ ಎದ್ದ. ಆ ಕಿವಿಗೆ ತನ್ನ ಅಂಗೈ ಇಟ್ಟ. ಒಂದು ಹಾಡು ಮುಗಿಯುವವರೆಗೂ ಕೈ ತೆಗೆಯಲಿಲ್ಲ. ನಂತರ ಹೊರಗೆ ಹೋಗಿ, ಸಭೆಯ ಮಾಡಿಗೆ ಏಣಿ ಹಾಕಿ ಹಾರ್ನ್ ಬಿಚ್ಚಿದ.

ಹಾಡುವವರೆಲ್ಲ ಅಂಗಳಕ್ಕೆ ಬಂದರು. “ಹಿರಿಯರೇ, ಹೊರಗಿನವನಿಗೆ ಹೆದರಿಬಿಟ್ರಾ?”

“ಹೆದರೋನಾಗಿದ್ರೆ ಪೊಲೀಸ್ ಬಂದ ದಿನವೇ ಇಳಿಸ್ತಿದ್ದೆ. ಒಳಗೆ ಕೂರೋದು ನಲವತ್ತು ಜನ. ಒಳಗಿನ ಸ್ಪೀಕರ್ ಸಾಕು. ಮತ್ತೆ ಏರಿಸಬೇಕು ಅನ್ನೋರು ಮೊದಲು ಆ ಮಂಚದ ಪಕ್ಕ ಕೂತು ಬನ್ನಿ.”

ಯಾರೂ ಏರಿಸಲಿಲ್ಲ. ಗಂಡ ತಿರುಗಿ ಹೋಗಿ ನೀರು ಕಾಯಿಸಿದ, ತಗಡಿನಂಗಡಿಯವನ ಮೈ ತೊಳೆದ, ತುತ್ತು ತುತ್ತಾಗಿ ತಿನ್ನಿಸಿದ. “ನಿಧಾನ ಸ್ವಾಮಿ, ಚೀಲ ತುಂಬಿದ ಹಾಗೆ ತುಂಬ್ತೀರಲ್ಲ” ಎಂದು ಅವನಿಂದ ಬೈಸಿಕೊಂಡ. ಬುಧವಾರಕ್ಕೆ ಟೀಚರಮ್ಮ ತಾವಾಗಿಯೇ ಹೆಸರು ಕೊಟ್ಟರು.

ಕೈ ಕೂಡಿದ ಮೇಲೆ ತಗಡಿನಂಗಡಿಯವನು ಬಂದು ಹೇಳಿದ, “ದೂರು ವಾಪಸ್ ತಗೊಂಡುಬಿಡ್ತೀನಿ ಅಣ್ಣ.”

“ತಗೋಬೇಡಪ್ಪ. ನನ್ನ ನಂತರ ನನ್ನಂಥವನೇ ಇನ್ನೊಬ್ಬ ಹಿರಿಯ ಬಂದ್ರೆ ಬೇಕಾಗುತ್ತೆ” ಎಂದ ಗಂಡ.

ಓದುತ್ತಿರುವ ಅಕ್ಕ, ಅಣ್ಣ, ಇದು ನಿಮಗೇ ಹೇಳಿದ್ದು. ನಿಮ್ಮ ಸಭೆಯ ಗೋಡೆಯಾಚೆ ಯಾರ ಜೊತೆ ಮಾತು ಬಿಟ್ಟಿದ್ದೀರಿ? ಈ ವಾರವೇ ಆ ಬಾಗಿಲು ತಟ್ಟಿ. ಕ್ಷಮಿಸಿದ್ದೇನೆ ಎಂದು ದೊಡ್ಡಸ್ತಿಕೆ ತೋರಿಸಬೇಡಿ. ನಮ್ಮಿಂದ ಏನು ತೊಂದರೆಯಾಯಿತು ಎಂದು ಕೇಳಿ, ಕೂತು ಕೇಳಿಸಿಕೊಳ್ಳಿ, ಸರಿ ಮಾಡಿ. ನಿಮ್ಮವರೇ ನಿಮ್ಮನ್ನು ತಡೆದರೆ, ತಡೆದವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರು ಬರದಿದ್ದರೆ ಒಬ್ಬರೇ ಹೋಗಿ.