ಓಗೊಡುತ್ತಿದ್ದ ನೂರಾ ಹದಿನೇಳು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಅರ್ಧ ಮೀಸೆ ಬೋಳಿಸಿ. ಯಾವ ಕಡೆಯದು ಅಂತ ನೀವೇ ಆರಿಸಿಕೊಳ್ಳಿ.

ಏಳಂತಸ್ತಿನ ಆ ಕಚೇರಿಯಲ್ಲಿ ಬೆಂಕಿ ಅಲಾರಂ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್‌ಗೆ ಅವತ್ತು ನಾಲ್ಕು ಗಂಟೆಯವರೆಗೆ ಗಡುವು. ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಚಾವಣಿಯ ಪ್ರತಿ ಡಿಟೆಕ್ಟರಿಗೂ ಹೊಗೆ ತೋರಿಸಿ ಕೂಗಿಸಬೇಕು. ಒಂದು ತಪ್ಪಿದರೂ ಗುತ್ತಿಗೆ ಬೇರೆಯವರಿಗೆ, ಇವನ ಇಪ್ಪತ್ತೆರಡು ವರ್ಷದ ಕೆಲಸ ನೀರುಪಾಲು.

ಡಿಟೆಕ್ಟರುಗಳೆಲ್ಲ ಒಂದೇ ತಂತಿಗೆ ಪೋಣಿಸಿದ ಮಣಿಗಳು. ಅಲಾರಂ ನಿಯಂತ್ರಿಸುವ ಪೆಟ್ಟಿಗೆಯಾದ ಪ್ಯಾನೆಲಿನಿಂದ ಹೊರಟು ಪ್ಯಾನೆಲಿಗೇ ಮರಳುವ ಆ ತಂತಿಗೆ ಲೂಪ್ ಎನ್ನುತ್ತಾರೆ. ಒಂದೊಂದು ಮಣಿಗೂ ಒಂದು ಸಂಖ್ಯೆ, ಅದೇ ಅದರ ಅಡ್ರೆಸ್. ಪ್ಯಾನೆಲ್ ಮೇಷ್ಟರ ಹಾಗೆ ಹಾಜರಿ ಕೂಗುತ್ತಲೇ ಇರುತ್ತದೆ. ನೂರಾ ಹದಿನೇಳೂ ಓಗೊಡುತ್ತಿತ್ತು. ಎಲ್ಲಿಂದ ಎಂಬುದು ಮಾತ್ರ ದೇವರಿಗೂ ತಿಳಿಯದು.

ಪ್ಯಾನೆಲಿನ ತೆರೆಯ ಮೇಲೆ ‘ಸಾಹೇಬರ ಕೋಣೆ’ ಎಂದಿತ್ತು. ಆದರೆ ಬಂದ ಸಾಹೇಬರೆಲ್ಲ ಹಿಂದಿನವರ ಕೋಣೆಯಲ್ಲಿ ಕೂರುವುದು ಮರ್ಯಾದೆಗೆ ಕಡಿಮೆಯೆಂದು ಅದಕ್ಕೆ ಹಲಗೆ ಹೊಡೆಸಿ, ಮುಂದೆ ಹೊಸ ಕೋಣೆ ಮಾಡಿಸಿಕೊಂಡಿದ್ದರು. ಈಗಿನವರು ಒಂಬತ್ತನೆಯವರು, ಅವರ ಅರ್ಧ ಮೇಜು ಕಾರಿಡಾರಿನಲ್ಲಿತ್ತು.

“ಭಾವಾ, ಅದನ್ನ ಕಿತ್ತು ಬಿಸಾಕಿಬಿಟ್ರೆ?” ಎಂದ ಏಣಿ ಹಿಡಿದಿದ್ದ ಹೆಂಡತಿಯ ತಮ್ಮ.

“ಎಲ್ಲಿದೆ ಅಂತ ಗೊತ್ತಿದ್ರೆ ತಾನೇ ಕೀಳೋದು? ಗೊತ್ತಿದ್ರೆ ಯಾಕೆ ಕೀಳ್ಬೇಕು?”

“ಅದೂ ನಿಜಾನೇ. ಏನ್ ತಲೆ ಭಾವಾ ನಿಮ್ದು!”

“ಹೋಗಿ ಪ್ಯಾನೆಲ್ ಹತ್ರ ನಿಲ್ಲು. ವಾಕಿಟಾಕೀಲಿ ಹರಟೆ ಹೊಡೀಬೇಡ.”

ಸಾಹೇಬರು ಮೀಟಿಂಗಿಗೆ ಹೊರಟದ್ದೇ ತಡ, ಮೆಕ್ಯಾನಿಕ್ ಹೊಗೆಯ ಡಬ್ಬಿ ಸೊಂಟಕ್ಕೆ ಸಿಕ್ಕಿಸಿ ಮೊದಲ ಹಲಗೆ ಕಿತ್ತ. ಒಳಗೆ ಮೇಜು, ಕುರ್ಚಿ, ಬಣ್ಣಗೆಟ್ಟ ಕ್ಯಾಲೆಂಡರ್, ಹಿಂದೆ ಇನ್ನೊಂದು ಹಲಗೆ. ಮೂರನೆಯದರ ಹಿಂದೆ ಟೈಪ್‌ರೈಟರ್. ಆರನೆಯದರ ಹಿಂದೆ ಮಸಿಕುಡಿಕೆ. ಮೂರೂಮುಕ್ಕಾಲಿಗೆ ಎಂಟನೆಯ ಹಲಗೆ ಬಿತ್ತು. ಅಲ್ಲಿ ಮೊಣಕಾಲುದ್ದ ಧೂಳು. ಮೇಲೆ ನೂರಾ ಹದಿನೇಳು ಕೆಂಪಗೆ ಮಿಣುಕುತ್ತಿತ್ತು.

ಹೊಗೆ ಬಿಟ್ಟ. “ಏನ್ ತೋರಿಸ್ತಿದೆ?”

“ನಾರ್ಮಲ್.”

ಡಬ್ಬಿ ಖಾಲಿಯಾಗುವ ತನಕ ಬಿಟ್ಟ. ಅವನಿಗೇ ಕೆಮ್ಮು ಒತ್ತರಿಸಿ ಬಂತು. “ಈಗ?”

“ನಾರ್ಮಲ್ಲೇ ಭಾವಾ. ಕೆಮ್ತಿರೋದು ನೀವಾ, ಅದಾ?”

ಧೂಳು ದಿನಕ್ಕಿಷ್ಟು ಕೂತರೆ ಡಿಟೆಕ್ಟರ್ ಅದನ್ನೇ ಒಳ್ಳೆಯ ಗಾಳಿ ಎಂದುಕೊಂಡು ಹೊಂದಿಕೊಳ್ಳುತ್ತದೆ. ಡ್ರಿಫ್ಟ್ ಎಂದು ಅದಕ್ಕೆ ಹೆಸರು. ಮಿತಿ ಮೀರಿದಾಗ ಪ್ಯಾನೆಲಿಗೆ ದೂರು ಹೇಳಬೇಕು. ಇದು ದೂರುವುದನ್ನೂ ಮರೆತು ಬರೀ ಹಾಜರಿ ಹೇಳುತ್ತಿತ್ತು. ಬಿಚ್ಚಿ ನೋಡಿದ, ಧೂಳು ಕಲ್ಲಾಗಿತ್ತು. ಹೊಸದು ಹಾಕೋಣವೆಂದರೆ ಅದನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಹನ್ನೊಂದು ವರ್ಷ.

“ಭಾವಾ, ಇನ್ಸ್‌ಪೆಕ್ಟರ್ ಬಂದ್ರು. ನೂರಾ ಹದಿನೇಳಕ್ಕೆ ಕಾಟು ಹೊಡೆದು ಹೊರಟೇಬಿಟ್ರು.”

“ಹ್ಞೂಂ.”

“ಸಾಹೇಬ್ರೂ ಬಂದಿದ್ದಾರೆ. ಕೂಗಾಟ ಇಲ್ಲೀವರೆಗೂ ಕೇಳಿಸ್ತಿದೆ. ಅವರು ಕರೆಸಿದ ಬಡಗಿ ನೀವು ಕಿತ್ತ ಹಲಗೇನ ಮತ್ತೆ ಹೊಡೀತಿದ್ದಾನಂತೆ. ಬೇಗ ಬನ್ನಿ!”

“ಬಂದು ಏನ್ಮಾಡ್ಲಿ?”

“ಅಕ್ಕಂಗೆ ಏನ್ ಹೇಳ್ಲಿ?”

“ಓವರ್‌ಟೈಮ್ ಅನ್ನು.”

ಮೆಕ್ಯಾನಿಕ್ ಮೊದಲ ಸಾಹೇಬರ ಕುರ್ಚಿ ಕೊಡವಿ ಕೂತ. ದೂರದಲ್ಲಿ ಬೆಳಕಿನ ಸೀಳು ಬೆರಳಗಲಕ್ಕೆ ಇಳಿಯಿತು. ಆಗ ಅವನು... ಎಲ್ಲಿಗೆ ಹೊರಟ್ರಿ ಸ್ವಾಮಿ? ಕೂತ್ಕೊಳ್ಳಿ, ಕೊನೇ ಮೊಳೆ ಇನ್ನೂ ಹೊಡೆದಿಲ್ಲ, ಆ ಬಡಗಿ ಸುತ್ತಿಗೆ ಈಗಷ್ಟೇ ಎತ್ತಿದ್ದಾನೆ.