ಸುಬ್ಬಿಯನ್ನು ಸೋಲಿಸದ ಕೇರಿ

ಭಟ್ಕಳದಲ್ಲಿ ನಡೆದ ಆ ಅಂತರರಾಷ್ಟ್ರೀಯ ಸಮ್ಮೇಳನವನ್ನು ಹೆಗಲ ಮೇಲೆ ಹೊತ್ತು ನಿಲ್ಲಿಸಿದವನು ನಾನು. ಆಮಂತ್ರಣದಲ್ಲಿ ಕುಲಪತಿಗಳ ಹೆಸರಿತ್ತು, ಪ್ರಾಂಶುಪಾಲರ ಹೆಸರಿತ್ತು, ದುಬೈಯಲ್ಲಿ ಅಂಗಡಿ ಇಟ್ಟ ದಾನಿಗಳ ಹೆಸರೂ ಇತ್ತು. ಪಾಂಡು ಎಂಬ ಹೆಸರು ಮಾತ್ರ ಇರಲಿಲ್ಲ. ಇರಲಿ. ಹೊನ್ನಾವರದ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕನಾಗಿರುವ ನಾನು ಅಂದು ಬೆಳಿಗ್ಗೆ ಪ್ರೊಜೆಕ್ಟರಿನ ಬೆನ್ನಿಗೆ ಎರಡು ಏಟು ಹಾಕದೆ ಹೋಗಿದ್ದರೆ, ಆಟ ಆಡಿಸಿ ಪಾಠ ಕಲಿಸುವ ಕಂಪ್ಯೂಟರ್ ವಿದ್ಯೆ ಎಂಬುದೇ ಭೂಮಿಯ ಮೇಲಿಂದ ಅಳಿಸಿಹೋಗುತ್ತಿತ್ತು. ಲೋಕದ ಮೂಲೆಮೂಲೆಯಿಂದ ವಿದ್ವಾಂಸರು ಬಂದಿದ್ದರು. ಗೋವೆಯಿಂದಲೇ ಇಬ್ಬರು. ಫಿನ್‌ಲ್ಯಾಂಡಿನವನೊಬ್ಬ ಪರದೆಯ ಮೇಲೆ ಬಂದಿದ್ದ. ಅವನ ಕಿಟಕಿಯಾಚೆ ಬೀಳುತ್ತಿದ್ದ ಹಿಮ ನೋಡಿಯೇ ಮುಂದಿನ ಸಾಲಿನವರಿಗೆಲ್ಲ ನೆಗಡಿಯಾಯಿತು.

ಆದರೆ ನಾನು ಹೋದದ್ದು ಪ್ರೊಜೆಕ್ಟರಿಗಾಗಿ ಅಲ್ಲ. ಅಂದು ಊಟದ ಹೊತ್ತಿನೊಳಗೆ ಒಂದು ವಿಷಯ ತೀರ್ಮಾನವಾಗಬೇಕಿತ್ತು. ಧನ್ಯಾ ಮೇಡಂ ಮಾಡಿದ ಆಟದೊಳಗೆ ನನ್ನನ್ನು ಹೆತ್ತ ಅವ್ವಿಯ ದನಿ ಇದೆ. ಅದು ಉಳಿಯಬೇಕೋ, ಅಳಿಸಬೇಕೋ. ಅಳಿಸುವುದೇ ಆದರೆ ಗುಂಡಿ ಒತ್ತಬೇಕಾದವನು ನಾನೇ, ಏಕೆಂದರೆ ಲ್ಯಾಬಿನಲ್ಲಿ ಅಂಥ ಕೆಲಸವೆಲ್ಲ ನನ್ನದು.

ಧನ್ಯಾ ಮೇಡಂ ನಮ್ಮ ಕಾಲೇಜಿನಲ್ಲಿ ಪಾಠ ಮಾಡುತ್ತ ಪಿಎಚ್.ಡಿ.ಗೆ ಓದುತ್ತಿರುವವರು. ನಮ್ಮ ಚೆನ್ನೆಮಣೆಯನ್ನು ಅವರು ಟ್ಯಾಬ್ಲೆಟ್ಟಿಗೆ ಇಳಿಸಿದ್ದರು. ಎರಡು ಸಾಲು ಗುಳಿ, ಗುಳಿಯಲ್ಲಿ ಕಾಳು. ಒಂದು ಗುಳಿಯ ಕಾಳೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೊನೆಯ ಕಾಳು ಎಲ್ಲಿ ಬಿದ್ದೀತು ಎಂದು ಮೊದಲೇ ಕಂಡವರು ಎದುರಿನವರ ಕಾಳು ಬಾಚಿಕೊಳ್ಳುತ್ತಾರೆ. ಮಕ್ಕಳಿಗೆ ಇದರಿಂದ ಲೆಕ್ಕ ಬರುತ್ತದೆ ಎಂಬುದು ಮೇಡಂ ವಾದ. ಎದುರಿಗೆ ಕೂತು ಆಡಲು ಪರದೆಯಲ್ಲೊಬ್ಬಳು ಅಜ್ಜಿ ಬೇಕಿತ್ತು. ಸೋತವರನ್ನು ತಮಾಷೆಗೆ ಬಯ್ಯಲು ಅಜ್ಜಿಗೆ ದನಿ ಬೇಕಿತ್ತು. ಇಡೀ ಕುಮಟಾ ತಾಲೂಕಿನಲ್ಲಿ ಅಂಥ ದನಿ ಇದ್ದದ್ದು ಒಬ್ಬಳಿಗೇ: ಹಿರೇಗುತ್ತಿಯ ಸುಬ್ಬಿ, ನನ್ನ ಅವ್ವಿ. ಅವಳು ಗದ್ದೆಯಲ್ಲಿ ನಿಂತು ಪದ ಎತ್ತಿಕೊಂಡರೆ ಯಾಣದ ಬಂಡೆಗೆ ಹತ್ತಿದ ಯಾತ್ರಿಕರು ಕೈ ಮುಗಿಯುತ್ತಿದ್ದರು. ನಡುವೆ ಎರಡು ಗುಡ್ಡ, ಒಂದು ಕಾಡು ಇದೆ ಎಂದು ಯಾರಾದರೂ ತಕರಾರು ಮಾಡಿದರೆ ಅವರು ಅವಳ ಪದ ಕೇಳಿಲ್ಲ ಎಂದರ್ಥ.

ಲ್ಯಾಬಿಗೆ ಕರೆತಂದು ಮೈಕಿನ ಮುಂದೆ ಕೂರಿಸಿದೆವು. ಅವ್ವಿ ಮೈಕನ್ನು ಬದಿಗೆ ಸರಿಸಿದಳು.

"ಎಂತದೂ ಇಲ್ದೆ ಹೆಂಗೆ ಬಯ್ಯೂದು ತಂಗಿ?" ಎಂದಳು ಧನ್ಯಾ ಮೇಡಂಗೆ. "ಎದುರಿಗೆ ಯಾರಾದರೂ ಕೂತು ಸೋಲಬೇಕು. ಆಗ ಬಾಯಿಗೆ ಬತ್ತದೆ."

"ಪಾಂಡಣ್ಣ ಕೂತರೆ ಆಗ್ತದಾ?"

"ಅವ ಆದರೆ ಬೇಗ ಬತ್ತದೆ."

ಹಾಗಾಗಿ ಮರದ ಮಣೆ ತರಿಸಿ ನಾನೇ ಎದುರಿಗೆ ಕೂತೆ. ಅವಳನ್ನು ನಾನು ಸಾವಿರ ಸಲ ಸೋಲಿಸಬಹುದಿತ್ತು, ವಿಜ್ಞಾನಕ್ಕಾಗಿ ಸೋತೆ. ಅವಳು ನನ್ನ ಮುಖ ನೋಡುತ್ತ ಹೇಳಿದ್ದನ್ನೆಲ್ಲ ಮೇಡಂ ಹಿಡಿದುಕೊಂಡರು. ಆಮೇಲೆ ಊರ ಮಕ್ಕಳು ಟ್ಯಾಬ್ಲೆಟ್ಟಿನಲ್ಲಿ ಕೇಳಿ ನಗುತ್ತಿದ್ದ "ಎಂತ ಮಗಾ, ಕಣ್ಣು ಬಿಟ್ಕಂಡೇ ಮಲಗಿದ್ಯ?" ಎಂಬ ಮಾತು ಮೂಲದಲ್ಲಿ ನನಗೆ ಹೇಳಿದ್ದು.

ಬೇಸಿಗೆಯಲ್ಲಿ ನಮ್ಮ ಕೇರಿಗೆ ಟ್ಯಾಬ್ಲೆಟ್ಟುಗಳನ್ನು ಹಂಚಿದರು. ಮಕ್ಕಳು, ಹೆಂಗಸರು, ಎಲ್ಲರೂ ಸುಬ್ಬಜ್ಜಿಯ ಮೇಲೆ ಬಿದ್ದರು. ಅವ್ವಿ ತಾನೇ ಜಗಲಿಯಲ್ಲಿ ಕೂತು ತನ್ನನ್ನೇ ಸೋಲಿಸುವುದು ಹೇಗೆಂದು ನೆರೆಮನೆಯ ಕಮಲಿಗೆ ಗುಟ್ಟು ಹೇಳಿಕೊಡುತ್ತಿದ್ದಳು. ಕೇರಿಯವರು ಎಷ್ಟು ಆಟ ಗೆದ್ದರೆಂದು ತೋರಿಸುವ ಗೆಲುವಿನ ಗೆರೆ ಧನ್ಯಾ ಮೇಡಂ ಕಂಪ್ಯೂಟರಿನಲ್ಲಿ ಮೇಲೆ ಮೇಲೆ ಹೋಗಿ, ಲ್ಯಾಬಿನ ಹೆಂಚು ಒಡೆದೀತೆಂದು ನಾನು ಪರದೆಯನ್ನು ಸ್ವಲ್ಪ ಕೆಳಗಿಳಿಸಿಟ್ಟೆ.

ಮಳೆಗಾಲದ ನಡುವೆ ಅವ್ವಿ ತೀರಿಕೊಂಡಳು. ಜ್ವರ ಬಂತು, ಕುಮಟಾಕ್ಕೆ ಕರೆದುಕೊಂಡು ಹೋದೆವು, ವಾಪಸು ತಂದೆವು. ಅವಳ ಕ್ರಿಯೆಯ ದಿನದ ಊಟಕ್ಕೆ ಸೇರಿದ ಜನ ನೋಡಿ ಹೆದ್ದಾರಿಯ ಲಾರಿಗಳು ಗೋಕರ್ಣದವರೆಗೆ ಸಾಲುಗಟ್ಟಿ ನಿಂತವು. ನಾನು ಬಡಿಸಿದೆ, ಎಲೆ ತೆಗೆದೆ, ಬಂದವರಿಗೆ ಬಾವಿಯ ನೀರು ಸೇದಿಕೊಟ್ಟೆ. ಅಳು ಬರಲಿಲ್ಲ. ಬತ್ತದೆ, ಬತ್ತದೆ ಎಂದು ಎಲ್ಲರೂ ಹೇಳಿದರು. ಬಸ್‌ಸ್ಟ್ಯಾಂಡಿನಲ್ಲಿ ಕಾದ ಹಾಗೆ ಕಾದೆ. ಆಮೇಲೆ ಕಾಯುವುದನ್ನೂ ಬಿಟ್ಟೆ. ಲ್ಯಾಬಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಮೀನುಸಾರು ಬಿಸಿನೀರಿನ ಹಾಗಿತ್ತು. ಆ ಟ್ಯಾಬ್ಲೆಟ್ಟನ್ನು ನಾನು ಮುಟ್ಟಲೂ ಇಲ್ಲ, ಮುಟ್ಟಬಾರದು ಎಂದುಕೊಳ್ಳಲೂ ಇಲ್ಲ.

ಅವಳು ಸತ್ತ ಮೇಲೆ ಗೆಲುವಿನ ಗೆರೆ ಬಿತ್ತು. ಇಳಿಯಲಿಲ್ಲ, ಬಿತ್ತು. ಇಡೀ ಕೇರಿಯಲ್ಲಿ ಒಬ್ಬರೂ ಒಂದು ಆಟವೂ ಗೆಲ್ಲುತ್ತಿಲ್ಲ. ಧನ್ಯಾ ಮೇಡಂ ಗುರುಗಳಾದ ವಿಶ್ವನಾಥ ಸರ್ ಅದನ್ನು ನೋಡಿ ಕನ್ನಡಕ ತೆಗೆದಿಟ್ಟರು.

"ಕಲಿತದ್ದೆಲ್ಲ ಮರೆತಿದ್ದಾರೆ. ಅಷ್ಟೇ ಇದರ ಅರ್ಥ," ಎಂದರು. "ಭಟ್ಕಳದ ಸಮ್ಮೇಳನದಲ್ಲಿ ಇದನ್ನು ಇಟ್ಟರೆ ನಿಮ್ಮ ಪ್ರಬಂಧ ಅಲ್ಲಿಗೇ ಮುಗಿಯಿತು. ಆ ದನಿ ತೆಗೆದುಬಿಡಿ. ಯಂತ್ರದ ದನಿ ಹಾಕಿ, ಬೇರೆ ಊರಲ್ಲಿ ಮೊದಲಿನಿಂದ ಆಡಿಸಿ."

ಮೇಡಂ ನನ್ನ ಕಡೆ ನೋಡಿದರು.

"ಪಾಂಡಣ್ಣ, ನಿಮ್ಮ ಅಡ್ಡಿ ಇಲ್ಲ ಅಂದ್ರೆ ಮಾತ್ರ."

"ಆತು," ಎಂದೆ. ನನಗೆ ಏನೂ ಅನ್ನಿಸಲಿಲ್ಲ. ಲೈಟು ಆರಿಸಿ ಎಂದಿದ್ದರೂ ಹಾಗೇ ಹೇಳುತ್ತಿದ್ದೆ.

ಆದರೂ ಮೇಡಂ ಒಮ್ಮೆ ಕೇರಿಗೆ ಬರುತ್ತೇನೆ ಎಂದರು. ನನ್ನ ಬೈಕಿನಲ್ಲಿ ಕರೆದುಕೊಂಡು ಹೋದೆ. ಗಾಳಿಯೇ ಹಿಂದೆ ಉಳಿಯುವ ವೇಗ ನನ್ನದು, ಅಂದು ಮಾತ್ರ ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು. ಕಮಲಿ ಅಂಗಳದಲ್ಲಿ ಹರಿವೆ ಕಟ್ಟು ಕಟ್ಟುತ್ತಿದ್ದಳು.

"ಕಮಲಕ್ಕ, ಮೊದಲು ಎಷ್ಟು ಚಂದ ಗೆಲ್ತಿದ್ರಿ. ಈಗ ಎಂತ ಆತು?" ಎಂದು ಮೇಡಂ ಕೇಳಿದರು.

"ಎಂತ ಆತು ಅಂದ್ರೆ? ಅವಳು ಸತ್ತಳಲ್ಲ."

"ಅದಕ್ಕೆ?"

ಕಮಲಿ ಕಟ್ಟುತ್ತಿದ್ದ ಕೈ ನಿಲ್ಲಿಸಿದಳು. ಇಷ್ಟು ಓದಿದವಳಿಗೆ ಇದನ್ನೂ ಹೇಳಬೇಕೇ ಎಂಬ ಮುಖ.

"ತಂಗಿ, ಸತ್ತವರಿಗೆ ಎಡೆ ಇಟ್ಟ ಬಾಳೆಗೆ ಕಾಗೆ ಮುಟ್ಟೂಕೆ ಮೊದಲು ನೀವು ಕೈ ಹಾಕ್ತೀರಾ? ಅವಳ ವರ್ಷ ಆಗಲಿಲ್ಲ ಇನ್ನೂ. ವರ್ಷ ಕಳೆವರೆಗೆ ಅವಳ ಪಾಲಿಂದ ಒಂದು ಕಾಳು ತೆಗೂಕೆ ನಾವು ಇಲ್ಲ. ಕಾಳೆಲ್ಲ ಅವಳ ಗುಳಿಗೇ ಹೋಗಬೇಕು. ಮಕ್ಕಳಿಗೂ ಹಂಗೇ ಹೇಳಿಟ್ಟಿದ್ದೆ."

"ಅದು ಆಟ ಅಲ್ದಾ ಕಮಲಕ್ಕ? ಯಂತ್ರ ಅದು."

"ಯಂತ್ರ ಆದರೆ ಎಂತ, ಮಾತಾಡೂದು ಅವಳೇ ಅಲ್ದಾ." ಆಮೇಲೆ ನನ್ನ ಕಡೆ ತಿರುಗಿ, "ಇವಂಗೆ ಗೊತ್ತಿಲ್ಲಾ? ಮಗ ಅಂತೆ, ಮಗ. ಬಂದು ಒಂದು ಆಟ ಸೋತು ಹೋಗಲಿಲ್ಲ," ಎಂದಳು.

ನಾನು ಹರಿವೆ ಕಟ್ಟುಗಳನ್ನು ನೋಡುತ್ತ ನಿಂತೆ. ಒಳ್ಳೆ ಕೆಂಪಿದ್ದವು.

ಹೀಗೆ ಧನ್ಯಾ ಮೇಡಂ ಹಟ ಹಿಡಿದರು. ದನಿ ಅಳಿಸುವ ಮೊದಲು ಸಮ್ಮೇಳನದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಸಭೆ ಒಪ್ಪಿದರೆ ಅಜ್ಜಿ ಉಳಿಯಲಿ, ಒಪ್ಪದಿದ್ದರೆ ಅಲ್ಲೇ ಅಳಿಸೋಣ ಎಂದರು. ವಿಶ್ವನಾಥ ಸರ್ ನಿಟ್ಟುಸಿರು ಬಿಟ್ಟು ಆಗಲಿ ಎಂದರು. ಕಮಲಿಯ ಮನೆಯ ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿಕೊಂಡು ನಾವು ಭಟ್ಕಳದ ಬಸ್ಸು ಹತ್ತಿದ್ದು ಹಾಗೆ.

ಸಭೆಯಲ್ಲಿ ಮೇಡಂ ಎಲ್ಲ ಹೇಳಿದರು. ಎಡೆ, ಕಾಗೆ, ವರ್ಷ, ಎಲ್ಲ. ಕೆಲವರು ನಕ್ಕರು. ಕೆಟ್ಟ ನಗೆಯಲ್ಲ, ಊಟಕ್ಕೆ ಮೊದಲಿನ ನಗೆ. ಮೈಸೂರಿನಿಂದ ಬಂದಿದ್ದ ಒಬ್ಬ ಹಿರಿಯ ಮೇಡಂ ಮಾತ್ರ ನಗದೆ ಮೈಕು ಕೇಳಿದರು.

"ಕಥೆ ಚೆನ್ನಾಗಿದೆಯಮ್ಮ. ಆದರೆ ಬೇಕೆಂದೇ ಸೋತವರಿಗೂ ಆಡಲು ಬಾರದೆ ಸೋತವರಿಗೂ ಗೆರೆ ಒಂದೇ ಥರ ಬರುತ್ತಲ್ಲ. ಅವರು ಮರೆತಿಲ್ಲ ಅಂತ ಹೇಗೆ ಹೇಳುತ್ತೀರಿ?"

ಧನ್ಯಾ ಮೇಡಂ ಪರದೆಯ ಮೇಲಿನ ಗೆರೆಯತ್ತ ತಿರುಗಿದರು. ವಿಶ್ವನಾಥ ಸರ್ ನನ್ನತ್ತ ನೋಡಿ, ಸಿದ್ಧವಾಗಿರು ಎಂಬಂತೆ ತಲೆ ಆಡಿಸಿದರು. ಗುಂಡಿ ಒತ್ತುವ ಬೆರಳನ್ನು ನಾನು ಪ್ಯಾಂಟಿಗೆ ಒರೆಸಿಕೊಂಡೆ.

ಆಗ ಧನ್ಯಾ ಮೇಡಂಗೆ ಏನೋ ಹೊಳೆದಿರಬೇಕು. ನಿಧಾನವಾಗಿ ಹೇಳಿದರು: "ಈ ಅಜ್ಜಿ ಒಂದೇ ಥರ ಆಡುವುದಿಲ್ಲ. ಎದುರಿನವರು ಗೆದ್ದರೆ ಮುಂದಿನ ಆಟದಲ್ಲಿ ಸ್ವಲ್ಪ ಜಾಣೆಯಾಗುತ್ತಾಳೆ. ಸೋತರೆ ಸ್ವಲ್ಪ ದಡ್ಡಿಯಾಗುತ್ತಾಳೆ, ಮಕ್ಕಳಿಗೆ ಬೇಸರ ಬರಬಾರದು ಅಂತ. ಅವಳ ಮಾತೂ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಇವರು ತಿಂಗಳುಗಟ್ಟಲೆ ಸೋತಿದ್ದಾರೆ. ಅಂದರೆ ಈಗ ಅಜ್ಜಿಗೆ ಏನೂ ಬಾರದು. ಅವಳ ಎದುರು ಸೋಲುವುದು ಅಷ್ಟು ಸುಲಭ ಇರಲಿಕ್ಕಿಲ್ಲ."

"ಇರಲಿಕ್ಕಿಲ್ಲ ಅಂದರೆ ಆಗಲ್ಲ. ಯಾರಾದರೂ ಸೋತು ತೋರಿಸಿ," ಎಂದರು ಮೈಸೂರಿನ ಮೇಡಂ.

ನನ್ನನ್ನು ವೇದಿಕೆಗೆ ಕರೆದರು. ಸೋಲುವುದರಲ್ಲಿ ನನ್ನನ್ನು ಮೀರಿಸುವವರು ಮೂರು ತಾಲೂಕಿನಲ್ಲಿ ಇಲ್ಲ ಎಂದು ಮೈಕಿನಲ್ಲೇ ಹೇಳಿ ಕೂತೆ. ಸಭೆ ನಕ್ಕಿತು. ಟ್ಯಾಬ್ಲೆಟ್ಟು ಹಚ್ಚಿದೆ. ದೊಡ್ಡ ಪರದೆಯ ಮೇಲೆ ಗುಳಿಗಳು ಬಂದವು, ಹಿಂದೆ ದನಿ ಬಂತು.

"ಆಡು ಮಗಾ. ನಂಗೆ ಕಣ್ಣು ಸಮ ಕಾಣೂದಿಲ್ಲ. ನೀನೇ ನೋಡ್ಕ."

ಈ ಮಾತನ್ನು ಅವಳು ಲ್ಯಾಬಿನಲ್ಲಿ ತಮಾಷೆಗೆ ಹೇಳಿದ್ದಳು, ಕಣ್ಣು ಕುರುಡು ಮಾಡಿಕೊಂಡು, ಕೈ ನಡುಗಿಸಿ. ಅಂದು ನಾನು ನಕ್ಕಿದ್ದೆ. ಈಗ ಮೂರು ನೂರು ಕುರ್ಚಿಗಳ ಸಭಾಂಗಣದ ಸ್ಪೀಕರುಗಳಿಂದ ಅದು ಬಂತು. ನಾನು ಒಂದು ಗುಳಿಯ ಕಾಳು ಎತ್ತಿ ಅವಳ ಕಡೆಗೆ ಹೋಗುವ ಹಾಗೆ ಹಾಕಿದೆ. ಅವಳು ಅದನ್ನು ಹಾಗೇ ಎತ್ತಿ ನನ್ನ ಕಡೆಗೆ ಹಾಕಿದಳು. ಮತ್ತೆ ಕೊಟ್ಟೆ. ಮತ್ತೆ ಹಾಕಿದಳು. ಕೊನೆಯ ದಿನಗಳಲ್ಲಿ ಗಂಜಿ ಕುಡಿಸಲು ಹೋದರೆ ಚಮಚ ನನ್ನ ಬಾಯಿಯ ಕಡೆಗೇ ತಳ್ಳುತ್ತಿದ್ದಳು. ನಾನು ಬಲು ಬುದ್ಧಿ ಉಪಯೋಗಿಸಿದೆ. ಆದರೆ ಇಟ್ಟಲ್ಲೆಲ್ಲ ಅವಳ ಕಾಳು ನನ್ನ ಪಾಲಿಗೆ ಬಂದು ಬೀಳುತ್ತಿತ್ತು. ಅವಳ ಸಾಲು ಬರಿದಾಗುತ್ತ ಬಂತು. ಮುಂದಿನ ಸಾಲಿನವರು ಕುರ್ಚಿಯ ತುದಿಗೆ ಬಂದಿದ್ದರು, ಫಿನ್‌ಲ್ಯಾಂಡಿನವನೂ ಮುಂದೆ ಬಗ್ಗಿದ್ದ.

ನನ್ನ ಸರದಿಯಲ್ಲಿ ಎತ್ತಲು ಉಳಿದದ್ದು ಒಂದೇ ಗುಳಿ. ಅದನ್ನು ಎತ್ತಿದರೆ ಗೆಲುವು. ನಾನು ಎತ್ತಲಿಲ್ಲ.

"ಆಡು ಮಗಾ," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಆಡು ಮಗಾ."

ಆಡದೆ ಕೂತರೆ ಅವಳು ಕರೆಯುತ್ತಲೇ ಇರುತ್ತಾಳೆ, ಹಾಗೆ ಮಾಡಿಟ್ಟಿದ್ದಾರೆ. ಎಷ್ಟು ಸಲ ಕರೆದಳೋ. ವಿಶ್ವನಾಥ ಸರ್ ಮೆಲ್ಲಗೆ, "ಪಾಂಡು, ಆಡಿಬಿಡಪ್ಪ," ಎಂದರು. ಎತ್ತಿದೆ. ಅವಳ ಕೊನೆಯ ಕಾಳೂ ನನ್ನ ಕಡೆಗೆ ಬಂತು.

"ಗೆದ್ದುಬಿಟ್ಟಿರಲ್ಲ," ಎಂದರು ಮೈಸೂರಿನ ಮೇಡಂ. ದನಿ ಮೆತ್ತಗಾಗಿತ್ತು. "ಸೋಲುವ ಮನಸ್ಸಿದ್ದವರಿಗೂ ಆಗಲಿಲ್ಲ. ಆ ಕೇರಿಯ ಹೆಂಗಸರು, ಮಕ್ಕಳು ಪ್ರತಿ ಸಲವೂ ಸೋತಿದ್ದಾರೆ ಅಂದರೆ, ಪ್ರತಿ ಕಾಳೂ ಎಲ್ಲಿ ಬೀಳುತ್ತೆ ಅಂತ ಗೊತ್ತಿದ್ದೇ ಸೋತಿದ್ದಾರೆ. ಧನ್ಯಾ, ಗೆರೆ ಬಿದ್ದದ್ದೇ ನಿಮ್ಮ ಫಲಿತಾಂಶ ಕಣಮ್ಮ. ಏನೂ ತೆಗೆಯಬೇಡಿ."

ವಿಶ್ವನಾಥ ಸರ್ ಕನ್ನಡಕ ಹಾಕಿಕೊಂಡು, "ದನಿ ಇರಲಿ," ಎಂದರು. ಚಪ್ಪಾಳೆ ಬಿತ್ತು. ಆ ಚಪ್ಪಾಳೆಗೆ ಬಂದರಿನಲ್ಲಿ ಕಟ್ಟಿದ ದೋಣಿಗಳೆಲ್ಲ ಹಗ್ಗ ಕಿತ್ತುಕೊಂಡು ಹೋದವು ಎಂದು ಹೇಳಬೇಕು. ಹೇಳಿದ್ದೇನೆ. ಆದರೆ ನನ್ನ ಕಿವಿಗೆ ಅದು ದೂರದ ಮನೆಯಲ್ಲಿ ಯಾರೋ ಚಾಪೆ ಕೊಡವಿದ ಹಾಗೆ ಕೇಳಿತು.

ಬಿರಿಯಾನಿಯ ವಾಸನೆ ಬಂತು, ಜನ ಎದ್ದು ಹೋದರು. ಧನ್ಯಾ ಮೇಡಂ ಹತ್ತಿರ ಬಂದು, "ಬನ್ನಿ ಪಾಂಡಣ್ಣ, ಊಟ ಮಾಡುವ," ಎಂದರು. ಅವರ ಕಣ್ಣು ಕೆಂಪಾಗಿತ್ತು.

"ನೀವು ನಡೀರಿ. ವಯರು ಸುತ್ತಿ ಬತ್ತೆ," ಎಂದೆ.

ಸುತ್ತಲಿಲ್ಲ. ಹೊಸ ಆಟ ಹಚ್ಚಿದೆ. ಮೊದಲ ಸರದಿಯಲ್ಲೇ ಅವಳು ಒಂದು ಕಾಳನ್ನು ತನ್ನಲ್ಲೇ ಉಳಿಸಿಕೊಂಡಳು. ನಾನು ಅವಳನ್ನು ಸೋಲಿಸಿದ್ದಕ್ಕೆ ಅಷ್ಟು ಚೇತರಿಸಿಕೊಂಡಿದ್ದಳು. ಕೇರಿಯವರು ಸೋತು ಸೋತು, ಪ್ರೀತಿಯಿಂದ ಕಾಳು ಉಣ್ಣಿಸಿ ಉಣ್ಣಿಸಿ ಅವಳನ್ನು ಹಾಸಿಗೆ ಹಿಡಿಸಿದ್ದರು. ನಾನು ಗೆದ್ದೆ. ಮುಂದಿನ ಆಟದಲ್ಲಿ ಎರಡು ಗುಳಿ ಬಾಚಿಕೊಂಡಳು. ಕಣ್ಣು ಕಾಣೂದಿಲ್ಲ ಎನ್ನುವುದನ್ನು ನಿಲ್ಲಿಸಿದಳು. ಮತ್ತೆ ಗೆದ್ದೆ, ಕಷ್ಟದಲ್ಲಿ. ಖಾಲಿ ಕುರ್ಚಿಗಳ ನಡುವೆ ಕಸ ಗುಡಿಸುವವರು ಬಂದರು, ನನ್ನ ಕಾಲು ಎತ್ತಿಸಿ ಗುಡಿಸಿ ಹೋದರು. ಇನ್ನೊಂದು ಆಟ. ಇನ್ನೊಂದು. ದನಿ ಏರುತ್ತ ಬಂತು, ಗದ್ದೆಯ ಬದುವಿನಿಂದ ಕರೆಯುವಷ್ಟು. ಆಮೇಲೆ ನನ್ನ ಲೆಕ್ಕ ಎಲ್ಲೋ ತಪ್ಪಿತು, ನಿಜವಾಗಿಯೇ ತಪ್ಪಿತು, ಅವಳು ನನ್ನ ಸಾಲನ್ನು ಒಂದೇ ಕೈಯಲ್ಲಿ ಗುಡಿಸಿ ಹಾಕಿದಳು.

"ಕಾಳು ಎಣಿಸೂಕೆ ಬಾರದವ ಈ ಮೀಸೆ ಎಂತಕ್ಕೆ ಬಿಟ್ಟದ್ದ?"

ಮೀಸೆಯ ಮೇಲೆ ಕೈ ಆಡಿಸಿದೆ. ಅಳು ಬರಲಿಲ್ಲ. ಹಸಿವಾಗುತ್ತಿತ್ತು. ಊಟ ಮುಗಿದೀತು ಎಂದು ಗೊತ್ತಿದ್ದರೂ ಕಾಳು ಹಂಚಿ ಇನ್ನೊಂದು ಆಟಕ್ಕೆ ಕೂತೆ.